ಸೇಬಿನ ಬಜ್ಜಿ, ಮೇಲೆ ಮಂಡ್ಯದ ಬೆಲ್ಲ

ನಮಸ್ಕಾರ ಕೇಳುಗರೇ. ದಸರಾ ಮುಗಿದ ಮೇಲೆ ನಮ್ಮ ಮೈಸೂರು ಕಡೆ ಮನೆಗಳಲ್ಲಿ ಹಣ್ಣು ಜಾಸ್ತಿ ಉಳಿಯುತ್ತದೆ, ಅಲ್ವಾ? ಆಯುಧ ಪೂಜೆಗೆ ಇಟ್ಟ ಸೇಬು, ನೆಂಟರು ತಂದ ಸೇಬು, ದೇವರಾಜ ಮಾರುಕಟ್ಟೆಯಲ್ಲಿ ಚೆನ್ನಾಗಿ ಕಂಡಿತು ಅಂತ ನಾವೇ ತಂದಿಟ್ಟ ಸೇಬು. ಬಾಳೆಹಣ್ಣು ಮಿಕ್ಕರೆ ರಸಾಯನ ಮಾಡುತ್ತೇವೆ, ಮುಳುಕ ಮಾಡುತ್ತೇವೆ. ಸೇಬು ಮಾತ್ರ ಫ್ರಿಜ್ಜಿನಲ್ಲಿ ಸುಮ್ನೆ ಬಾಡುತ್ತದೆ.

ಅದರಲ್ಲಿ ಸಿಹಿ ಬಜ್ಜಿ ಮಾಡಿ. ಜರ್ಮನಿಯಲ್ಲಿ ಸೇಬನ್ನು ಬಿಲ್ಲೆಗಳಾಗಿ ಕೊಯ್ದು, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನೆದರ್ಲೆಂಡಿನಲ್ಲಿ ಡಿಸೆಂಬರ್ 31ರ ತಿಂಡಿ ಇದು. ಅಮೆರಿಕದವರು ಚೂರುಗಳನ್ನು ಹಿಟ್ಟಿಗೇ ಕಲಸಿ ಕರಿಯುತ್ತಾರೆ. ನನಗೆ ಬಿಲ್ಲೆಯೇ ಇಷ್ಟ, ಕಚ್ಚಿದಾಗ ಹಣ್ಣಿನ ರುಚಿ ನೇರವಾಗಿ ಸಿಗುತ್ತದೆ.

ಹಣ್ಣು ಗಟ್ಟಿಯಾಗಿರಬೇಕು, ಸ್ವಲ್ಪ ಹುಳಿ ಇರಬೇಕು. ಹಸಿರು ಸೇಬು ಸಿಕ್ಕರೆ ತುಂಬ ಒಳ್ಳೆಯದು. ಆದರೆ ನಮಗೆ ಜಾಸ್ತಿ ಸಿಗುವುದು ಹಿಮಾಚಲ, ಕಾಶ್ಮೀರದ ಕೆಂಪು ಸೇಬು. ಅದರಲ್ಲಿ ರೆಡ್ ಡೆಲಿಷಿಯಸ್ ಅನ್ನುವ ತಳಿಯನ್ನು ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು 1916ರಲ್ಲಿ ಹಿಮಾಚಲದ ಕೋಟ್‌ಗಢದಲ್ಲಿ ನೆಟ್ಟಿದ್ದರು. ಈ ಹಣ್ಣು ಸಿಹಿ, ಹುಳಿ ಕಡಿಮೆ. ಹಾಗಾಗಿ ಕೊಯ್ದ ತಕ್ಷಣ ಅರ್ಧ ನಿಂಬೆಹಣ್ಣು ಹಿಂಡಿ. ರುಚಿಯೂ ಬರುತ್ತದೆ, ಹಣ್ಣು ಕಪ್ಪಾಗುವುದೂ ನಿಲ್ಲುತ್ತದೆ.

ಸಿಪ್ಪೆ ತೆಗೆದು, ಅಡ್ಡಲಾಗಿ ಕಾಲು ಇಂಚು ದಪ್ಪಕ್ಕೆ ಕೊಯ್ಯಿರಿ. ನಡುವಿನ ಬೀಜದ ಭಾಗ ತೆಗೆಯಲು ವಿಶೇಷ ಸಾಮಾನು ಏನೂ ಬೇಡ, ತೊಳೆದ ಬಾಟಲಿ ಮುಚ್ಚಳ ಒತ್ತಿದರೆ ಸಾಕು.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ, ಏಕೆಂದರೆ ಬಜ್ಜಿ ಕೆಡುವುದು ಇಲ್ಲೇ. ಸೇಬಿನಲ್ಲಿ ನೂರಕ್ಕೆ 85 ಭಾಗ ನೀರು. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಹಣ್ಣಿಗೂ ಹಿಟ್ಟಿಗೂ ನಡುವೆ ಸೇರಿಕೊಂಡು ಹಿಟ್ಟನ್ನು ಎಬ್ಬಿಸಿಬಿಡುತ್ತದೆ, ಆಮೇಲೆ ಹಿಟ್ಟು ಬೇರೆ ಹಣ್ಣು ಬೇರೆ ಆಗಿ ಬಾಣಲೆಯಲ್ಲಿ ತೇಲುತ್ತವೆ. ಅದಕ್ಕೇ ಬಿಲ್ಲೆಗಳನ್ನು ಒಣ ಬಟ್ಟೆಯಲ್ಲಿ ಒತ್ತಿ, ಎರಡೂ ಕಡೆ ಒಣ ಮೈದಾ ಸವರಿ, ಆಮೇಲೆ ಹಿಟ್ಟಿನಲ್ಲಿ ಅದ್ದಿ. ಇದನ್ನು ಬಿಡಲೇಬೇಡಿ.

ಹಿಟ್ಟಿಗೆ ಒಂದು ಲೋಟ ಮೈದಾ, ಎರಡು ಚಮಚ ಅಕ್ಕಿ ಹಿಟ್ಟು, ಚಿಟಿಕೆ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡ. ತಣ್ಣಗಿನ ಹುಳಿ ಮಜ್ಜಿಗೆ ಹಾಕಿ ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ. ಸೋಡ ಉಬ್ಬುವುದಕ್ಕೆ ಆ ಹುಳಿ ಬೇಕು. ಜಾಸ್ತಿ ತಿರುವಬೇಡಿ, ಮೈದಾ ಜಿಗುಟಾಗಿ ಬಜ್ಜಿ ಗಟ್ಟಿಯಾಗುತ್ತದೆ. ಸಣ್ಣ ಗಂಟು ಉಳಿದರೂ ತೊಂದರೆ ಇಲ್ಲ. ಕಲಸಿದ ತಕ್ಷಣ ಕರಿಯಿರಿ.

ಹಿಟ್ಟಿಗೆ ಸಕ್ಕರೆ, ಬೆಲ್ಲ ಹಾಕಲೇಬೇಡಿ. ಸಿಹಿ ಬೇಗ ಕೆಂಪಾಗುತ್ತದೆ, ಮೇಲೆ ಕಪ್ಪು ತಿರುಗಿದರೂ ಒಳಗೆ ಹಣ್ಣು ಗಟ್ಟಿಯಾಗೇ ಇರುತ್ತದೆ.

ಎಣ್ಣೆಗೆ ಒಂದು ತೊಟ್ಟು ಹಿಟ್ಟು ಬಿಡಿ. ಕೆಳಗೆ ಹೋಗಿ ತಕ್ಷಣ ಮೇಲೆ ಬಂದರೆ ಕಾದಿದೆ ಅಂತ. ಉರಿ ಮಧ್ಯಮ ಇರಲಿ. ಒಂದು ಸಲಕ್ಕೆ ಮೂರು ನಾಲ್ಕು ಬಿಲ್ಲೆ ಮಾತ್ರ, ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ಬಜ್ಜಿ ಎಣ್ಣೆ ಕುಡಿಯುತ್ತದೆ. ಪ್ರತಿ ಕಡೆ ಸುಮಾರು ಎರಡು ನಿಮಿಷ. ಹೊಂಬಣ್ಣ ಬಂದಾಗ ಜಾಲರಿಯಲ್ಲಿ ತೆಗೆಯಿರಿ.

ಇನ್ನು ಸಿಹಿ. ಹೊರದೇಶದಲ್ಲಿ ಸಕ್ಕರೆಗೆ ಚಕ್ಕೆ ಪುಡಿ ಬೆರೆಸಿ ಉದುರಿಸುತ್ತಾರೆ. ಮಂಡ್ಯದ ಪಕ್ಕದಲ್ಲೇ ಇರುವ ನಾವು ಬೆಲ್ಲದ ಪುಡಿ ಹಾಕೋಣ. ನಾಲ್ಕು ಚಮಚ ಬೆಲ್ಲದ ಪುಡಿಗೆ ಅರ್ಧ ಚಮಚ ಚಕ್ಕೆ ಪುಡಿ. ಬಜ್ಜಿ ಬಿಸಿ ಇರುವಾಗಲೇ ಉದುರಿಸಿ, ಬೆಲ್ಲ ತುಸು ಕರಗಿ ಅಂಟಿಕೊಳ್ಳುತ್ತದೆ. ಸೇಬಿನ ಹುಳಿ, ಬೆಲ್ಲದ ಸಿಹಿ, ಚಕ್ಕೆಯ ಘಮ ಒಟ್ಟಿಗೆ ಬಾಯಿಗೆ ಬಂದಾಗ ಏನು ಸುಖ ಅಂತೀರಿ! ಸಕ್ಕರೆಗೆ ಆ ರುಚಿ ಬರುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಮಕ್ಕಳಿಗೆ ಕೊಡುವಾಗ ಹುಷಾರು. ಹೊರಗೆ ಆರಿದಂತೆ ಕಂಡರೂ ಒಳಗಿನ ಹಣ್ಣು ಸುಡುತ್ತಿರುತ್ತದೆ. ಐದು ನಿಮಿಷ ಬಿಟ್ಟು ಕೊಡಿ. ಸಂಜೆಗೆ ಅಂತ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಮೆತ್ತಗಾಗುತ್ತದೆ.

ಸೇಬು ಆಗಲೇ ಹಿಟ್ಟು ಹಿಟ್ಟಾಗಿದ್ದರೆ ಬಿಲ್ಲೆ ನಿಲ್ಲುವುದಿಲ್ಲ. ಅದನ್ನು ತುರಿದು, ಬೆಲ್ಲ ಸೇರಿಸದೆ ಗೋಧಿ ಹಿಟ್ಟು, ಚೂರು ರವೆ, ಏಲಕ್ಕಿ ಹಾಕಿ ಕಲಸಿ, ಬಾಳೆಹಣ್ಣಿನ ಮುಳುಕದ ಹಾಗೇ ಎಣ್ಣೆಗೆ ಬಿಡಿ. ಮೇಲೆ ಅದೇ ಬೆಲ್ಲದ ಪುಡಿ ಉದುರಿಸಿ. ನಮಸ್ಕಾರ.