ಕೋರ್ಟಿನ ಕಡತ, ಕಂಪನಿಯ ನಕಲು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಸಾಲಕ್ಕೆ, ಕೆಲಸಕ್ಕೆ ತೆಗೆಸುವ ಹಿನ್ನೆಲೆ ವರದಿಗಳಲ್ಲಿ ನುಸುಳುವ ತಪ್ಪುಗಳ ಬಗ್ಗೆ ಇಂದು ನಾಲ್ಕು ಮಾತು.

2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರ್ಜಿಯೋ ರಾಮಿರೆಜ್ ಎಂಬುವರು ಹೆಂಡತಿಯೊಂದಿಗೆ ಕಾರು ಕೊಳ್ಳಲು ಹೋದರು. ಬಣ್ಣ ಆರಿಸಿದ್ದಾಯ್ತು, ಬೆಲೆ ಮಾತಾಡಿದ್ದಾಯ್ತು. ಆಮೇಲೆ ಅವರ ಸಾಲದ ಚರಿತ್ರೆ ಹೇಳುವ ಕ್ರೆಡಿಟ್ ರಿಪೋರ್ಟ್ ತೆಗೆಸಿದ ಶೋರೂಮಿನವರು, ನಿಮ್ಮ ಹೆಸರು ಉಗ್ರರ ಪಟ್ಟಿಯಲ್ಲಿದೆ, ಕಾರು ಮಾರುವ ಹಾಗಿಲ್ಲ ಎಂದುಬಿಟ್ಟರು! ಕೊನೆಗೆ ಹೆಂಡತಿ ತನ್ನ ಹೆಸರಿನಲ್ಲಿ ಕಾರು ಕೊಳ್ಳಬೇಕಾಯಿತು. ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ವರದಿ ಸಂಸ್ಥೆ ಸರ್ಕಾರದ ಪಟ್ಟಿಯೊಂದಿಗೆ ಬರೀ ಹೆಸರು ಮತ್ತು ಮನೆತನದ ಹೆಸರನ್ನು ತಾಳೆ ನೋಡಿತ್ತು. ಹುಟ್ಟಿದ ದಿನಾಂಕದ ಗೋಜಿಗೇ ಹೋಗಿರಲಿಲ್ಲ.

ಇಂಥ ಗುರುತು ಬಿದ್ದವರು 8,185 ಮಂದಿ. 2021ರಲ್ಲಿ ಸುಪ್ರೀಂ ಕೋರ್ಟ್, ಯಾರ ವರದಿ ನಿಜಕ್ಕೂ ಹೊರಗೆ ಹೋಗಿತ್ತೋ ಆ 1,853 ಜನರಿಗೆ ಮಾತ್ರ ಈ ತಪ್ಪಿಗಾಗಿ ಪರಿಹಾರ ಕೇಳುವ ಹಕ್ಕಿದೆ ಎಂದಿತು. ಉಳಿದವರ ಕಡತದಲ್ಲಿ ಕಳಂಕವಿದ್ದರೂ ನಷ್ಟವಾಗಿಲ್ಲವಂತೆ. ನನಗಂತೂ ಈ ತರ್ಕ ಪೂರ್ತಿ ಒಪ್ಪಿಗೆಯಾಗಿಲ್ಲ.

ಈ ವ್ಯವಹಾರವನ್ನೆಲ್ಲ ಅಲ್ಲಿ ನಿಯಂತ್ರಿಸುವುದು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಎಂಬ ಕಾಯ್ದೆ. ಕೆಲಸಕ್ಕೆ ಸೇರುವವರಿಗೆ ಇದರಲ್ಲೊಂದು ವಿಶೇಷ ರಕ್ಷಣೆಯಿದೆ. ಅಭ್ಯರ್ಥಿಗೆ ಮುಳುವಾಗಬಹುದಾದ ಕೋರ್ಟ್ ದಾಖಲೆಯನ್ನು ಹಿನ್ನೆಲೆ ತಪಾಸಣೆ ಮಾಡುವ ಕಂಪನಿ ಉದ್ಯೋಗದಾತನಿಗೆ ಕಳಿಸುವುದಾದರೆ, ಅದೇ ಹೊತ್ತಿಗೆ ಅಭ್ಯರ್ಥಿಗೂ ತಿಳಿಸಬೇಕು, ಯಾರಿಗೆ ಕಳಿಸುತ್ತಿದ್ದೇವೆಂದು ಹೆಸರು, ವಿಳಾಸ ಸಹಿತ. ಇಲ್ಲವೇ ದಾಖಲೆ ಪೂರ್ತಿಯಾಗಿದೆ, ಇಂದಿನ ಸ್ಥಿತಿಗೆ ಸರಿಯಾಗಿದೆ ಎಂದು ಖಾತ್ರಿಪಡಿಸುವ ಕಟ್ಟುನಿಟ್ಟಿನ ಕ್ರಮ ಇಟ್ಟುಕೊಂಡಿರಬೇಕು. ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲೇ. ಬಂಧನವಾದ ದಿನ ಕಂಪನಿ ನಕಲು ತೆಗೆದುಕೊಂಡಿರುತ್ತದೆ. ಮುಂದೆ ಕೇಸು ವಜಾ ಆಗುತ್ತದೆ, ಕೋರ್ಟಿನ ಕಡತದಲ್ಲಿ ಅದು ದಾಖಲಾಗುತ್ತದೆ. ಕಂಪನಿಯ ನಕಲಿನಲ್ಲಿ ಮಾತ್ರ ಆತ ಇನ್ನೂ ಆರೋಪಿಯೇ.

ತಪಾಸಣೆಗೆ ಮೊದಲು ಉದ್ಯೋಗದಾತ ಲಿಖಿತ ಒಪ್ಪಿಗೆ ಪಡೆಯಬೇಕು. ವರದಿ ನೋಡಿ ಕೆಲಸ ನಿರಾಕರಿಸುವುದಾದರೆ, ನಿರಾಕರಿಸುವ ಮೊದಲೇ ಅದರ ಪ್ರತಿಯನ್ನು ಅಭ್ಯರ್ಥಿಯ ಕೈಗೆ ಕೊಡಬೇಕು. ಕೊಟ್ಟ ಮೇಲೆ ಎಷ್ಟು ದಿನ ಕಾಯಬೇಕೆಂದು ಕಾಯ್ದೆ ಹೇಳುವುದಿಲ್ಲ. ಇದು ದೊಡ್ಡ ಕೊರತೆ, ಏಕೆಂದರೆ ತಕರಾರು ಸಲ್ಲಿಸಿದರೆ ತನಿಖೆಗೆ ಕಂಪನಿಗೆ ಸಾಮಾನ್ಯವಾಗಿ 30 ದಿನ ಇರುತ್ತದೆ. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿರಬಹುದು.

ಹಳೆಯ ದಾಖಲೆಯನ್ನು ಎಷ್ಟು ವರ್ಷ ವರದಿಯಲ್ಲಿ ತೋರಿಸಬಹುದೆಂಬುದಕ್ಕೂ ಗಡುವುಂಟು. ಶಿಕ್ಷೆಯಾಗದ ಬಂಧನ 7 ವರ್ಷ, ದಿವಾಳಿ 10 ವರ್ಷ. ಅಪರಾಧ ಸಾಬೀತಾಗಿದ್ದರೆ ಕೇಂದ್ರ ಕಾಯ್ದೆಯಲ್ಲಿ ಗಡುವೇ ಇಲ್ಲ. ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚಿನ ಸಂಬಳದ ಕೆಲಸವಾದರೆ ಈ ಗಡುವುಗಳೂ ಅನ್ವಯಿಸವು.

ಇನ್ನೊಂದು ಮಾತು. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಕ್ರೆಡಿಟ್ ವರದಿ ಸಂಸ್ಥೆಗಳು 2017-18ರಲ್ಲಿ ಸಿವಿಲ್ ತೀರ್ಪು, ತೆರಿಗೆ ಬಾಕಿಯ ದಾಖಲೆಗಳನ್ನು ಕ್ರೆಡಿಟ್ ರಿಪೋರ್ಟಿನಿಂದ ಕೈಬಿಟ್ಟವು. ಕೋರ್ಟ್ ದಾಖಲೆಗಳ ಪೈಕಿ ಉಳಿದದ್ದು ದಿವಾಳಿ ಮಾತ್ರ. ಆದರೆ ಹಿನ್ನೆಲೆ ತಪಾಸಣೆಯ ಕಂಪನಿಗಳು ಬೇರೆಯೇ. ಅವು ಕೋರ್ಟಿನಿಂದ ತಾವೇ ದಾಖಲೆ ತರುತ್ತವೆ. ಹಾಗಾಗಿ ಕ್ರೆಡಿಟ್ ರಿಪೋರ್ಟ್ ಸ್ವಚ್ಛವಾಗಿದ್ದರೂ, ಕೆಲಸ ಕೈತಪ್ಪಿದವರು ತಪಾಸಣೆ ಮಾಡಿದ ಕಂಪನಿ ಯಾವುದೆಂದು ಕೇಳಿ, 60 ದಿನದೊಳಗೆ ಉಚಿತ ಪ್ರತಿ ತರಿಸಿಕೊಳ್ಳಬಹುದು. ತಕರಾರಿನ ಜೊತೆ ಕೇಸು ವಜಾ ಆದ ಆದೇಶದ ದೃಢೀಕೃತ ನಕಲನ್ನೂ ಲಗತ್ತಿಸುವುದು ಒಳ್ಳೆಯದು.

ನಮಸ್ಕಾರ.