ಕಲಬುರಗಿ ಬಿಸಿಲಿಗೆ ಬಾಡದ ಹೂಗಿಡಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಕಲಬುರಗಿ ಕಡೆ ಮನೆಗಳ ಮುಂದೆ ಒಂದು ಜಾಗ ಇರುತ್ತದೆ. ಈ ಕಡೆ ಶಹಾಬಾದ್ ಕಲ್ಲಿನ ಹಾಸು, ಆ ಕಡೆ ಕಾಂಪೌಂಡ್ ಗೋಡೆ, ನಡುವೆ ಎರಡು ಮೂರು ಅಡಿ ಮಣ್ಣು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕಲ್ಲೂ ಗೋಡೆಯೂ ಕಾದು ಝಳ ಹೊಡೆಯುತ್ತವೆ. ಇಲ್ಲಿ ಏನೂ ಬೆಳೆಯಲ್ಲ ಅಂತ ಎಷ್ಟೋ ಜನ ಅಷ್ಟಕ್ಕೂ ಸಿಮೆಂಟ್ ಹಾಕಿಸಿಬಿಡುತ್ತಾರೆ. ದಯವಿಟ್ಟು ಹಾಕಿಸಬೇಡಿ. ವರ್ಷಗಟ್ಟಲೆ ಬಾಳುವ ಹೂಗಿಡಗಳಿಗೆ ಆ ಜಾಗ ಸಾಕು.

ನಾನು ಕಳೆದುಕೊಂಡ ಗಿಡಗಳಲ್ಲಿ ಜಾಸ್ತಿ ಹೋದದ್ದು ಬೇಸಿಗೆಯಲ್ಲಲ್ಲ, ಆಗಸ್ಟ್ ಸೆಪ್ಟೆಂಬರಿನಲ್ಲಿ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ನೀರು ಹಿಡಿದು ಕೂರುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಒಣನೆಲ ಇಷ್ಟಪಡುವ ಗಿಡಕ್ಕೆ ಇದು ಇನ್ನೂ ಕಷ್ಟ. ಅದಕ್ಕೇ ಮೊದಲು ಮಡಿ ಎತ್ತರಿಸಿ. ಒಂದು ಅಡಿ ಎತ್ತರ ಇರಲಿ. ಎರೆಮಣ್ಣಿಗೆ ಅರ್ಧದಷ್ಟು ಗರಸು ಸೇರಿಸಿ, ಜೊತೆಗೆ ಒಂದೆರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಗೊಬ್ಬರ ಜಾಸ್ತಿ ಬೇಡ, ಸುಮ್ನೆ ಎಲೆಯೇ ಬರುತ್ತದೆ.

ಈಗ ಗಿಡಗಳ ಮಾತು. ನನಗೆ ಎಲ್ಲಕ್ಕಿಂತ ಪ್ರೀತಿ ನಿತ್ಯಪುಷ್ಪದ ಮೇಲೆ. ಮಡಗಾಸ್ಕರ್ ದ್ವೀಪದಿಂದ ಬಂದ ಗಿಡ, ಈಗ ನಮ್ಮ ಗೋಡೆಯ ಸಂದಿಯಲ್ಲೂ ತಾನೇ ಹುಟ್ಟುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಔಷಧಿ ಸಿಕ್ಕಿದ್ದು ಇದರಿಂದಲೇ. ಆದರೆ ಎಲೆ ವಿಷ, ಮನೆಯಲ್ಲಿ ಔಷಧಿ ಅಂತ ಜಗಿಯಬಾರದು.

ಹಿಂದಿನ ಸಾಲಿಗೆ ಕಣಗಿಲೆ. ಅದರ ಎಲೆ ದಪ್ಪ. ಉಸಿರಾಡುವ ರಂಧ್ರಗಳು ಎಲೆಯ ಕೆಳಗೆ, ಸಣ್ಣ ಸಣ್ಣ ಕುಳಿಗಳಲ್ಲಿ, ನವಿರಾದ ಕೂದಲ ಮರೆಯಲ್ಲಿವೆ. ಬಿಸಿಗಾಳಿ ನೀರನ್ನು ಬೇಗ ಎಳೆದುಕೊಳ್ಳಲಾರದು. ಹೆದ್ದಾರಿಗಳ ನಡುವೆ ಇದನ್ನೇ ನೆಡುವುದು ನೋಡಿದ್ದೀರಿ, ಅಲ್ವಾ? ಆದರೆ ಕಣಗಿಲೆಯ ಬೇರಿನಿಂದ ಹೂವಿನವರೆಗೂ ವಿಷ. ಕತ್ತರಿಸಿದ ಟೊಂಗೆಗಳನ್ನು ದನ, ಆಡು ಬಾಯಿ ಹಾಕುವ ಕಡೆ ಎಸೆಯಬೇಡಿ. ಸುಡಲೂ ಬೇಡಿ, ಹೊಗೆಯೂ ಕೆಟ್ಟದ್ದು.

ಕಾಗದದ ಹೂವಿಗೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ಚೆನ್ನ. ಬಣ್ಣದ್ದು ಎಲೆ, ನಿಜವಾದ ಹೂವು ಒಳಗಿನ ಪುಟ್ಟ ಬಿಳಿಯದು. ಹೊಸ ಚಿಗುರಲ್ಲೇ ಹೂ ಬಿಡುವುದರಿಂದ, ಹೂ ಮುಗಿದ ಮೇಲೆ ಸವರಿ. ಬಿಸಿಲಿಗೆ ದೇವಕಣಗಿಲೆ, ಲೋಳೆಸರವೂ ಸೈ.

ನೆಡುವ ಕಾಲ ಜೂನ್, ಒಂದೆರಡು ಹದ ಮಳೆ ಬಿದ್ದ ಮೇಲೆ. ಬೇಸಿಗೆ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರಬೇಕು. ದಿನಾ ಒಂದು ಚೊಂಬು ನೀರು ಹಾಕುವ ಅಭ್ಯಾಸ ಬಿಡಿ, ಅದರಿಂದ ಬೇರು ಮೇಲೇ ಉಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಸಂಜೆ, ಒಂದೊಂದು ಕೊಡ ನಿಧಾನವಾಗಿ ಹಾಕಿ. ಬುಡಕ್ಕೆ ತೊಗರಿ ಹೊಟ್ಟು ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಎರಡನೇ ವರ್ಷಕ್ಕೆ ಅರ್ಧ ನೀರು ಸಾಕು.

ನರ್ಸರಿಯಲ್ಲಿ ಸಾಮಾನ್ಯವಾಗಿ ಸಿಗದ ಒಂದು ಗಿಡದ ಬಗ್ಗೆ ಹೇಳಲೇಬೇಕು. ತಂಗಡಿ. ರಸ್ತೆ ಬದಿಯ ಬರಡು ನೆಲದಲ್ಲಿ ಹಳದಿ ಹೂ ಹೊತ್ತು ನಿಲ್ಲುತ್ತದಲ್ಲ, ಅದೇ. ಪಕ್ಕದ ತೆಲಂಗಾಣದ ಬತುಕಮ್ಮ ಹಬ್ಬಕ್ಕೆ ಈ ಹೂವು ಬೇಕೇಬೇಕು. ಕಾಡಿನಿಂದ ಕಿತ್ತು ತರಬೇಡಿ. ಆಳಕ್ಕೆ ಹೋದ ತಾಯಿಬೇರು ತುಂಡಾಗಿ ಸಾಯುತ್ತದೆ. ಒಣಗಿದ ಕಾಯಿ ತನ್ನಿ, ಬೀಜ ಬಿಡಿಸಿ ಒಂದು ರಾತ್ರಿ ನೀರಲ್ಲಿ ನೆನೆಸಿ, ಮಡಿಯಲ್ಲಿ ಗಿಡ ಇರಬೇಕಾದ ಜಾಗದಲ್ಲೇ ಮೂರು ಮೂರು ಬೀಜ ಊರಿ. ಈ ಜೂನಿಗೇ ಶುರುಮಾಡಿ. ನಮಸ್ಕಾರ.