ಕರೆದರೆ ಓಗೊಡುವ ಗೊಂಬೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗೇಣುದ್ದವೂ ಇಲ್ಲದ ಒಂದು ಗೊಂಬೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೈಬಣ್ಣ ಕಡುನೀಲಿ, ಗಾಜಿನಂಥ ಹೊಳಪು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಹೆಣದ ಆಕಾರ. ಮುಖ, ಮತ್ತೆ ಎದೆಯ ಮೇಲೆ ಅಡ್ಡಲಾಗಿ ಮಡಚಿದ ಕೈ, ಇಷ್ಟೇ ಹೊರಗೆ. ಹಣೆಗೆ ಕಪ್ಪು ಮಸಿಯಲ್ಲಿ ಒಂದು ಪಟ್ಟಿ, ತಲೆಯ ಹಿಂದೆ ಅದರ ಗಂಟು. ಎರಡು ಮುಷ್ಟಿಯಲ್ಲೂ ಅದೇ ಮಸಿಯಲ್ಲಿ ಬರೆದ ಗುದ್ದಲಿ. ತಿರುಗಿಸಿ ನೋಡಿದರೆ ಬೆನ್ನ ಮೇಲೆ ಗೆರೆಗೆರೆಯಾಗಿ ಎಳೆದ ಬೀಜದ ಚೀಲ. ಹೊಟ್ಟೆಯಿಂದ ಪಾದದ ತನಕ ಒಂದು ಸಾಲು ಚಿತ್ರಲಿಪಿ: ಸತ್ತವರ ಹುದ್ದೆ, ಹೆಸರು. ಸುಮಾರು 3000 ವರ್ಷಗಳ ಹಿಂದೆ ಈಜಿಪ್ಟಿನ ಥೀಬ್ಸ್ ನಗರದಲ್ಲಿ, ಅಂದರೆ ಇಂದಿನ ಲಕ್ಸರ್‌ನಲ್ಲಿ, ಅಮುನ್ ದೇವರ ಅರ್ಚಕರ ಗೋರಿಗಳಿಗೆ ಇಂಥವು ನೂರುಗಟ್ಟಲೆ ಹೋದವು. ಇವುಗಳ ಹೆಸರು ಶಬ್ತಿ.

ಹೆಣದ ಕೈಗೆ ಗುದ್ದಲಿ ಯಾಕೆ? ಅದೂ ಬದುಕಿದ್ದಾಗ ಗುದ್ದಲಿ ಮುಟ್ಟಿ ಗೊತ್ತಿಲ್ಲದ ದೊಡ್ಡ ಮನುಷ್ಯರಿಗೆ?

ಉತ್ತರ ಬಿಟ್ಟಿ ದುಡಿಮೆಯಲ್ಲಿದೆ. ನೈಲ್ ನದಿಯ ನೆರೆ ವರ್ಷಕ್ಕೊಮ್ಮೆ ಬಂದು ಇಳಿದ ಮೇಲೆ ಕಾಲುವೆಯ ಹೂಳೆತ್ತಬೇಕು, ಏರಿ ಸರಿಪಡಿಸಬೇಕು, ಅಳಿಸಿಹೋದ ಹೊಲದ ಎಲ್ಲೆ ಮತ್ತೆ ಗುರುತಿಸಬೇಕು. ಇದಕ್ಕೆಲ್ಲ ಅರಮನೆಯವರು ಜನರನ್ನು ಬಿಟ್ಟಿಗೆ ಕರೆಯುತ್ತಿದ್ದರು. ನಮ್ಮ ಹಳೆಯ ಶಾಸನಗಳಲ್ಲಿ ‘ಬಿಟ್ಟಿ’ ಎಂಬ ಮಾತು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಪದ್ಧತಿ. ಸತ್ತ ಮೇಲಿನ ಲೋಕವೂ ಹೊಲಗದ್ದೆಯ ನಾಡೇ ಎಂದು ಈಜಿಪ್ಟಿನವರು ನಂಬಿದ್ದರು. ಅಲ್ಲಿ ಒಸಿರಿಸ್ ದೇವರೇ ಅರಸ. ಅರಸ ಇದ್ದ ಮೇಲೆ ಬಿಟ್ಟಿ ಇಲ್ಲದೆ ಇರುತ್ತದೆಯೇ?

ಹಾಗಾಗಿ ಒಬ್ಬ ಬದಲಿ ಆಳು ಬೇಕು. ‘ಸತ್ತವರ ಪುಸ್ತಕ’ ಎಂದು ಈಗ ನಾವು ಕರೆಯುವ ಮಂತ್ರಗಳ ಕಟ್ಟಿನಲ್ಲಿ 6ನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಅದರ ತಿರುಳು ಇಷ್ಟು: ಎಲೈ ಶಬ್ತಿ, ಇಂಥವನನ್ನು ಅಲ್ಲಿ ಕೆಲಸಕ್ಕೆ ಕರೆದರೆ, ಹೊಲ ಬೆಳೆಸಲಿಕ್ಕಾಗಲಿ, ದಂಡೆಯ ಭೂಮಿಗೆ ನೀರು ಹಾಯಿಸಲಿಕ್ಕಾಗಲಿ, ಪೂರ್ವದ ಮರಳನ್ನು ಪಶ್ಚಿಮಕ್ಕೆ ಸಾಗಿಸಲಿಕ್ಕಾಗಲಿ ಕರೆದರೆ, ‘ಇಗೋ, ನಾನಿದ್ದೇನೆ’ ಎಂದು ನೀನು ಹೇಳಬೇಕು. ಹಾಜರಿ ಕೂಗಿದಾಗ ಬೇರೆಯವನು ‘ಓ’ ಅನ್ನುವ ಹಳೆಯ ಉಪಾಯ. ಮೊದಮೊದಲು ಶಬ್ತಿ, ಶವಬ್ತಿ ಎಂದಿದ್ದ ಹೆಸರು ಕಡೆಗಾಲದಲ್ಲಿ ಉಶಬ್ತಿ ಆಯಿತು. ಅವರ ಭಾಷೆಯಲ್ಲಿ ‘ವೆಶೆಬ್’ ಎಂದರೆ ಉತ್ತರ ಕೊಡು. ಉಶಬ್ತಿ ಎಂದರೆ ಓಗೊಡುವವನು. ಕನ್ನಡದಲ್ಲಿ ಇದಕ್ಕಿಂತ ಒಪ್ಪುವ ಮಾತು ಹುಡುಕಬೇಕಾಗಿಲ್ಲ.

ಶುರುವಿನಲ್ಲಿ ಈ ಗೊಂಬೆ ಆಳಾಗಿರಲಿಲ್ಲ, ಸತ್ತವನ ಪ್ರತಿರೂಪವೇ ಆಗಿತ್ತು. ಕ್ರಿ.ಪೂ. 2000ದ ಆಸುಪಾಸಿನಲ್ಲಿ ಮೇಣದಲ್ಲೋ ಮಣ್ಣಿನಲ್ಲೋ ಮಾಡಿದ ಪುಟ್ಟ ಬೆತ್ತಲೆ ಗೊಂಬೆಯನ್ನು ನಾರುಬಟ್ಟೆಯಲ್ಲಿ ಸುತ್ತಿ, ಅದರದೇ ಅಳತೆಯ ಶವಪೆಟ್ಟಿಗೆಯಲ್ಲಿ ಮಲಗಿಸಿಡುತ್ತಿದ್ದರು. ಹೆಣ ಕೆಟ್ಟುಹೋದರೆ ಇದಾದರೂ ಇರಲಿ ಎಂಬ ಲೆಕ್ಕ. ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡು ಮೂರು. ಗುದ್ದಲಿ, ಹೆಡಿಗೆ, ನೀರಿನ ಕಾವಡಿ, ಇಟ್ಟಿಗೆಯ ಅಚ್ಚು ಇವೆಲ್ಲ ಬಂದದ್ದು 18ನೇ ರಾಜವಂಶದ ನಡುಭಾಗದಲ್ಲಿ, ಅಂದರೆ ಕ್ರಿ.ಪೂ. 1400ರ ಸುಮಾರಿಗೆ. ಅಲ್ಲಿಂದ ಮುಂದೆ ಸಂಖ್ಯೆ ಏರುತ್ತ ಹೋಯಿತು. ಯಜಮಾನ ನಿಧಾನವಾಗಿ ಗೊಂಬೆಯಿಂದ ಹೊರಗೆ ಸರಿದ, ಆಳು ಒಳಗೆ ಬಂದ. ಶಬ್ತಿಯ ಇತಿಹಾಸದಲ್ಲಿ ಕುತೂಹಲದ ತಿರುವು ನನ್ನ ಲೆಕ್ಕದಲ್ಲಿ ಇದೇ.

1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ತೆರೆದ ಅರಸ ಟುಟಾಂಖಮುನ್‌ನ ಗೋರಿಯನ್ನೇ ತೆಗೆದುಕೊಳ್ಳಿ. ಅಲ್ಲಿದ್ದ ಶಬ್ತಿಗಳು 413. ಇದು ಕೈಗೆ ಸಿಕ್ಕಷ್ಟು ತುಂಬಿದ ಸಂಖ್ಯೆ ಅಲ್ಲ. ದಿನಕ್ಕೊಬ್ಬನಂತೆ 365 ಆಳುಗಳು. ಈಜಿಪ್ಟಿನ ವಾರ ಹತ್ತು ದಿನದ್ದು, ವರ್ಷಕ್ಕೆ 36 ವಾರ ಮತ್ತು ಮೇಲೆ 5 ದಿನ. ಆದ್ದರಿಂದ 36 ಮೇಸ್ತ್ರಿಗಳು. ತಿಂಗಳಿಗೊಬ್ಬ ಮೇಲ್ವಿಚಾರಕನಂತೆ 12 ಜನ. ಕೂಡಿಸಿ ನೋಡಿ. ಮರ, ಸುಣ್ಣಕಲ್ಲು, ಫಯಾನ್ಸ್ ಎಂಬ ಸುಟ್ಟು ಹೊಳಪು ಬರಿಸಿದ ವಸ್ತು, ಚಿನ್ನದ ತಗಡು ಹೊದಿಸಿದ್ದು, ಎಲ್ಲ ತರಹದವೂ ಇವೆ, ಜೊತೆಗೆ ಸಾವಿರಕ್ಕೂ ಹೆಚ್ಚು ಪುಟಾಣಿ ಸಲಕರಣೆಗಳು. ಆದರೆ 6ನೇ ಅಧ್ಯಾಯದ ಮಂತ್ರ ಬರೆಸಿಕೊಂಡವು 29 ಮಾತ್ರ. ಕೆಲವನ್ನು ಅಧಿಕಾರಿಗಳು ಕಾಣಿಕೆ ಕೊಟ್ಟಿದ್ದರು: ಸೇನಾಪತಿ ನಖ್ತ್‌ಮಿನ್ ಐದು, ಖಜಾನೆಯ ಮಾಯ ಒಂದು. ನಖ್ತ್‌ಮಿನ್‌ನ ಹೆಸರು ಗೊಂಬೆಗಳ ಅಂಗಾಲಿನಲ್ಲಿದೆ. ನಿಂತ ಗೊಂಬೆಯಲ್ಲಿ ಅದು ಯಾರ ಕಣ್ಣಿಗೂ ಬೀಳದು. ಬೀಳಬೇಕಾದದ್ದು ಪರಲೋಕದವರ ಕಣ್ಣಿಗೆ ತಾನೆ.

ಮೇಸ್ತ್ರಿಯನ್ನು ಗುರುತಿಸುವುದು ಸುಲಭ. ಅವನು ಹೆಣದ ಹೊದಿಕೆಯಲ್ಲಿ ಇರುವುದಿಲ್ಲ. ಬದುಕಿದ್ದವರಂತೆ ಸೊಂಟಕ್ಕೆ ಉಡುಗೆ, ಮುಂದೆ ತ್ರಿಕೋನವಾಗಿ ಚಾಚಿದ ಅದರ ಸೆರಗು, ಒಂದು ಕೈಯಲ್ಲಿ ಚಾವಟಿ, ಇನ್ನೊಂದು ಕೈ ಪಕ್ಕಕ್ಕೆ ಇಳಿಬಿಟ್ಟಿರುತ್ತದೆ. ಹತ್ತು ಆಳಿಗೆ ಚಾವಟಿಯ ಒಬ್ಬ. ಗೊಂಬೆಗಳಿಗೂ ಮೈಗಳ್ಳತನ ಇರಬಹುದೆಂದು ಅವರಿಗೆ ಅನ್ನಿಸಿತ್ತು.

ಈಗ ಅರ್ಚಕರ ಲೆಕ್ಕಪತ್ರಕ್ಕೆ ಬರೋಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 22ನೇ ರಾಜವಂಶದ ಕಾಲದ, ಅಂದರೆ ಕ್ರಿ.ಪೂ. 10ರಿಂದ 8ನೇ ಶತಮಾನದ ನಡುವಿನ, ಒಂದು ಪಪೈರಸ್ ಹಾಳೆ ಇದೆ. ನೋಡಲು ಸಾದಾ ರಸೀದಿ. ಅಮುನ್ ದೇವಾಲಯದ ತಾಯತ ಮಾಡುವವರ ಮುಖ್ಯಸ್ಥ ಪಾದಿಖೋನ್ಸು ಎಂಬವನು ಒಬ್ಬ ಅರ್ಚಕನಿಗೆ ಬರೆದುಕೊಟ್ಟದ್ದು. 365 ಶಬ್ತಿ, ಅವುಗಳ ಮೇಸ್ತ್ರಿಗಳು 36, ಒಟ್ಟು 401. ಇವುಗಳ ಬೆಲೆಯನ್ನು ಬೆಳ್ಳಿಯಲ್ಲಿ ಪಡೆದು ತೃಪ್ತನಾಗಿದ್ದೇನೆ ಎನ್ನುತ್ತಾನೆ. ಇವರು ಗಂಡಾಳು ಹೆಣ್ಣಾಳುಗಳು ಎಂಬ ಮಾತೂ ಅದರಲ್ಲಿದೆ. ಅಷ್ಟು ಬರೆದವನು ಕೊಳ್ಳುವವನನ್ನು ಬಿಟ್ಟು ನೇರವಾಗಿ ಗೊಂಬೆಗಳ ಕಡೆಗೆ ತಿರುಗುತ್ತಾನೆ: ಬೇಗ ಹೋಗಿ ಇವನ ತಂದೆಗಾಗಿ ದುಡಿಯಿರಿ ಎಂದು ಅಪ್ಪಣೆ ಕೊಡುತ್ತಾನೆ. ಕುಶಲಕರ್ಮಿಗೆ ದುಡ್ಡು ಸಂದಾಯವಾಗದಿದ್ದರೆ ಗೊಂಬೆಗಳು ಅಲ್ಲಿ ‘ನಮಗೇನು ಕೊಟ್ಟಿದ್ದೀರಿ’ ಎಂದು ಕೂತುಬಿಡಬಹುದು ಎಂಬ ಅಂಜಿಕೆ ಈ ಸಾಲುಗಳ ಹಿಂದೆ ಇದೆ.

ಅಂಜಿಕೆ ಒಬ್ಬ ಅರ್ಚಕನದಲ್ಲ. ಅಮುನ್‌ನ ಮಹಾಅರ್ಚಕ ಎರಡನೇ ಪಿನೆಜೆಮ್‌ನ ಹೆಂಡತಿ ನೆಸ್‌ಖೋನ್ಸ್ ತೀರಿಕೊಂಡಾಗ, ಕ್ರಿ.ಪೂ. 10ನೇ ಶತಮಾನದಲ್ಲಿ, ವಿಷಯವನ್ನು ದೇವರ ಸನ್ನಿಧಿಗೇ ಒಯ್ದರು. ಆಕೆಯ ಶಬ್ತಿಗಳಿಗೆ ಕೊಡಬೇಕಾದದ್ದೆಲ್ಲ ಸಂದಿದೆ, ಇನ್ನು ಅವು ಆಕೆಗಾಗಿ ದುಡಿಯಲೇಬೇಕು ಎಂದು ಅಮುನ್‌ನಿಂದಲೇ ಅಪ್ಪಣೆ ಪಡೆದು ಮರದ ಹಲಗೆಗಳ ಮೇಲೆ ಬರೆಸಿದರು. ಒಂದು ಹಲಗೆ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಇನ್ನೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿ. ದೇವರೇ ಜಾಮೀನು ನಿಂತ ಕರಾರು ಅದು.

ಈ ಪಿನೆಜೆಮ್ ಮನೆತನದ ಶಬ್ತಿಗಳೇ ಮಾತಿನ ಮೊದಲಿಗೆ ಹೇಳಿದ ಕಡುನೀಲಿಯವು. 1870ರ ದಶಕದಲ್ಲಿ ಇವು ಒಂದೊಂದಾಗಿ ಹಳೆ ವಸ್ತುಗಳ ಪೇಟೆಗೆ ಬರತೊಡಗಿದವು. ಎಲ್ಲಿಂದ ಬರುತ್ತಿವೆ ಎಂದು ಬೆನ್ನು ಹತ್ತಿ ಹೋದಾಗಲೇ ಲಕ್ಸರ್ ಹತ್ತಿರದ ದೇರ್ ಎಲ್ ಬಹ್ರಿಯ ಬಳಿ ಅಡಗಿಸಿಟ್ಟಿದ್ದ ಫೇರೋಗಳ, ಅಂದರೆ ಈಜಿಪ್ಟಿನ ಅರಸರ, ಹೆಣಗಳ ರಾಶಿ 1881ರಲ್ಲಿ ಅಧಿಕಾರಿಗಳ ಕೈಗೆ ಸಿಕ್ಕಿದ್ದು. ಹತ್ತು ವರ್ಷದ ಮೇಲೆ, 1891ರಲ್ಲಿ, ಅಲ್ಲೇ ಹತ್ತಿರ ಅಮುನ್ ಅರ್ಚಕ ಕುಟುಂಬಗಳ 153 ಮಂದಿಯ ಶವಪೆಟ್ಟಿಗೆಗಳ ಇನ್ನೊಂದು ರಾಶಿ ಹೊರಬಂತು, ಶಬ್ತಿ ತುಂಬಿದ ಪೆಟ್ಟಿಗೆಗಳ ಸಮೇತ. ಜಗತ್ತಿನ ಎಷ್ಟೋ ಮ್ಯೂಸಿಯಂಗಳ ಈಜಿಪ್ಟ್ ಕಪಾಟು ತುಂಬಿದ್ದು ಇಲ್ಲಿಂದ.

ಆ ನೀಲಿ ಬಂದದ್ದು ಹೇಗೆ? ಫಯಾನ್ಸ್ ಎಂದರೆ ಪಿಂಗಾಣಿ ಅಂದುಕೊಳ್ಳುವವರು ಬಹಳ. ಅದರಲ್ಲಿ ಜೇಡಿಮಣ್ಣು ಇಲ್ಲವೇ ಇಲ್ಲ ಎನ್ನಬಹುದು. ನೂರಕ್ಕೆ 92ರಿಂದ 99 ಪಾಲು ಪುಡಿ ಮಾಡಿದ ಬೆಣಚುಕಲ್ಲು ಅಥವಾ ಮರಳು, 1ರಿಂದ 5 ಪಾಲು ಸುಣ್ಣ, ಅರ್ಧದಿಂದ 5 ಪಾಲು ಸೋಡಾ. ಸೋಡಾ ಬರುವುದು ನೇಟ್ರಾನ್ ಎಂಬ ಚೌಳು ಉಪ್ಪಿನಿಂದ ಇಲ್ಲವೆ ಗಿಡದ ಬೂದಿಯಿಂದ. ಬಣ್ಣಕ್ಕೆ ಚೂರು ತಾಮ್ರ. ಕೆಲವು ತುಣುಕುಗಳಲ್ಲಿ ತವರವೂ ಸಿಗುವುದರಿಂದ, ಕಂಚಿನ ಕೆಲಸದಲ್ಲಿ ಉದುರಿದ ಚಕ್ಕೆಯನ್ನೇ ಇದಕ್ಕೆ ಬಳಸಿದ್ದಾರೆ ಎಂದು ತಿಳಿಯುತ್ತದೆ.

ಇದನ್ನು ನೀರಿನಲ್ಲಿ ಕಲಸಿದರೆ ಹಿಟ್ಟು ಹದಕ್ಕೆ ಬರುವುದೇ ಕಷ್ಟ. ಮಣ್ಣಿನ ಜಿಗುಟು ಇಲ್ಲ. ಮೊದಲು ಬಿರುಸಾಗಿರುತ್ತದೆ, ಒತ್ತಿ ನಾದಿದರೆ ಇದ್ದಕ್ಕಿದ್ದಂತೆ ಸಡಿಲಾಗಿ ಹರಿಯುತ್ತದೆ, ಅವಸರದಲ್ಲಿ ಬಗ್ಗಿಸಿದರೆ ಬಿರಿಯುತ್ತದೆ. ಆದ್ದರಿಂದ ಸುಟ್ಟ ಮಣ್ಣಿನ ತೆರೆದ ಅಚ್ಚಿಗೆ ಒತ್ತುವುದೇ ಕ್ಷೇಮ. ಅಚ್ಚಿನಲ್ಲಿ ಮೂಡುವುದು ಮುಂಭಾಗ. ಬೆನ್ನನ್ನು ಕೈಯಿಂದ ತೀಡಬೇಕು. ಎಷ್ಟೋ ಶಬ್ತಿಗಳ ಬೆನ್ನು ಚಪ್ಪಟೆಯಾಗಿರುವುದು ಇದಕ್ಕೇ.

ಆಮೇಲೆ ಒಣಗಿಸುವುದು. ಎಲ್ಲ ನಿಂತಿರುವುದು ಇದರ ಮೇಲೆ. ಚೌಳು ಹಿಡಿದ ಹೊಲದಲ್ಲಿ ಬೇಸಿಗೆಗೆ ಬೆಳ್ಳಗೆ ಉಪ್ಪು ಎದ್ದದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಆವಿಯಾಗುತ್ತ ಒಳಗಿನ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ, ಗೊಂಬೆಯ ಮೈಮೇಲೆ ಬಿಳಿ ಹೂವಿನಂತೆ ಒಂದು ಪದರ ಅರಳುತ್ತದೆ. ಒಲೆಯಲ್ಲಿ ಕರಗಿ ಹೊಳಪಾಗುವುದು ಆ ಪದರವೇ. ಅದಕ್ಕೆ ಬೆರಳು ತಾಗಿದರೆ ಅಷ್ಟು ಜಾಗ ಬೋಳು. ಹಲಗೆಗೆ ಒತ್ತಿಕೊಂಡ ಪಕ್ಕಕ್ಕೆ ಗಾಳಿ ಆಡದು, ಉಪ್ಪು ಏಳದು, ಅಲ್ಲಿ ಹೊಳಪೂ ತೆಳು. ಒಳ್ಳೆಯ ಶಬ್ತಿಯಲ್ಲೂ ಒಂದು ಮಂಕು ಪಕ್ಕ ಕಂಡರೆ ಅದು ಒಣಗಿದ ಮಗ್ಗುಲು. ಉಪ್ಪನ್ನು ಮೈಗೆ ಬಳಿಯುವ ಅಥವಾ ಗೊಂಬೆಯನ್ನು ಉಪ್ಪಿನ ಪುಡಿಯಲ್ಲಿ ಹೂತು ಸುಡುವ ಬೇರೆ ದಾರಿಗಳೂ ಇದ್ದವು. ಬಳಿದದ್ದಾದರೆ ಸೋರಿದ ಗೆರೆ, ಕುಂಚದ ಗುರುತು ಉಳಿಯುತ್ತದೆ.

ಬರಹದ ಕಪ್ಪು ಮಸಿ ಮ್ಯಾಂಗನೀಸ್‌ನದು. ಸುಡುವ ಮೊದಲೇ ಬರೆದದ್ದರಿಂದ ಹೊಳಪಿನೊಳಗೆ ಕೂತುಬಿಟ್ಟಿದೆ, ಉಜ್ಜಿದರೆ ಹೋಗದು. ಬೆಂಕಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ನಡುವೆ. ಕಾವು ಸಾಲದಿದ್ದರೆ ಮೈ ಹಿಟ್ಟಿನಂತೆ ಉದುರುತ್ತದೆ, ಅತಿಯಾದರೆ ಹೊಳಪು ಕೆಳಗಿಳಿದು ಪಾದದಲ್ಲಿ ನಿಲ್ಲುತ್ತದೆ, ಮುಖದ ಮೂಗುಬಾಯಿ ಕರಗುತ್ತವೆ. ಗಾಳಿ ಸಾಲದ ಹೊಗೆಯೊಲೆಯಲ್ಲಿ ತಾಮ್ರ ನೀಲಿ ಕೊಡುವುದಿಲ್ಲ. ಮರಳಿನಲ್ಲಿ ಕಬ್ಬಿಣದ ಅಂಶ ಇದ್ದರೆ ಹಸಿರು. ಹೂತಿದ್ದಾಗ ತೇವ ತಗುಲಿದ ನೀಲಿಯೂ ಕಾಲಾಂತರದಲ್ಲಿ ಹಸಿರಿಗೆ ತಿರುಗುತ್ತದೆ, ಹಾಗಾಗಿ ಇವತ್ತಿನ ಬಣ್ಣವೇ ಅಂದಿನದು ಎಂದು ನಂಬಬಾರದು. ಇನ್ನೊಂದು ಎಚ್ಚರಿಕೆ: ಇಂಥದ್ದನ್ನು ತೊಳೆಯಲು ನೀರಿನಲ್ಲಿ ನೆನೆಸಿದರೆ ಒಳಗೆ ಸೇರಿದ್ದ ಉಪ್ಪು ಕರಗಿ, ಒಣಗುವಾಗ ಹೊಳಪನ್ನೇ ಕಿತ್ತುಕೊಂಡು ಹೊರಬರಬಹುದು.

26ನೇ ರಾಜವಂಶದ ಹೊತ್ತಿಗೆ, ಅಂದರೆ ಕ್ರಿ.ಪೂ. 7–6ನೇ ಶತಮಾನದಲ್ಲಿ, ಚಾವಟಿಯ ಮೇಸ್ತ್ರಿ ಕಾಣೆಯಾಗಿದ್ದ. ಬಣ್ಣ ತಿಳಿಹಸಿರು, ಬೆನ್ನಿಗೆ ಒಂದು ಕಂಬ, ಕಾಲಡಿಗೆ ಪೀಠ, ಗಲ್ಲಕ್ಕೆ ಹೆಣೆದ ಗಡ್ಡ, ಬರಹ ಕೊರೆದದ್ದು. ಈಜಿಪ್ಟಿನ ಹವಾರದಲ್ಲಿ ನೀರು ತುಂಬಿದ ಗೋರಿಯೊಂದರಿಂದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1888ರಲ್ಲಿ ತೆಗೆದ ಅರ್ಚಕ ಹೊರುಜನ 399 ಶಬ್ತಿಗಳು ಈ ಬಗೆಯ ಮಾದರಿ. ಈಗ ಹಲವು ದೇಶಗಳಲ್ಲಿ ಚದುರಿಹೋಗಿವೆ. ರಾಜರಲ್ಲಿ ಸಂಖ್ಯೆಗೆ ಹೆಸರಾದವನು 26ನೇ ರಾಜವಂಶಕ್ಕೂ ಸ್ವಲ್ಪ ಹಿಂದಿನ ಕುಶ್ ದೊರೆ ತಹರ್ಕ. ಸುಡಾನಿನ ನುರಿಯಲ್ಲಿ ಅವನ ಪಿರಮಿಡ್ಡಿನಡಿ ಸಿಕ್ಕವು ಸಾವಿರಕ್ಕೂ ಮೇಲೆ, ಅವೂ ಕಲ್ಲಿನವು.

ಮ್ಯೂಸಿಯಂನಲ್ಲಿ ಒಂದು ಎದುರಾದರೆ ಓದುವುದು ಹೀಗೆ. ಬರಹದಲ್ಲಿ ಹಕ್ಕಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಸಾಲು ಶುರುವಾಗುವುದು ಆ ಕಡೆಯಿಂದ. ಒಂದು ಸಿಂಹಾಸನ ಮತ್ತು ಒಂದು ಕಣ್ಣು ಜೊತೆಗಿರುವ ಜಾಗ ಹುಡುಕಿ. ಅದು ‘ಒಸಿರಿಸ್’, ನಮ್ಮಲ್ಲಿ ‘ದಿವಂಗತ’ ಅಂದ ಹಾಗೆ. ಅದರ ಹಿಂದೆಯೇ ಹುದ್ದೆ, ಹೆಸರು. ಹೆಸರಿನ ಬೆನ್ನಿಗೆ ‘ಮಾ ಖೆರು’, ಅಂದರೆ ಮಾತು ಸತ್ಯವೆಂದು ತೀರ್ಪಾದವನು. ಕಡೆಗಾಲದವಾದರೆ ಮುಂದೆ ‘ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ’ ಎಂದು ತಾಯಿಯ ಹೆಸರು. ಇಷ್ಟರಲ್ಲಿ ಸಿಂಹಾಸನವೂ ಇಲ್ಲ, ಕಣ್ಣೂ ಇಲ್ಲ, ಗೀಚಿದ ಹಕ್ಕಿಗಳು ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿವೆ, ಎರಡು ಪಕ್ಕೆಯಲ್ಲೂ ಅಚ್ಚು ಕೂಡಿಸಿದ ಗೆರೆ ನೆಟ್ಟಗಿದೆ ಅಂದರೆ, ಅದು ಲಕ್ಸರ್‌ನ ಪ್ರವಾಸಿಗರಿಗಾಗಿ ಹುಟ್ಟಿದ ಗೊಂಬೆ. ಅಸಲಿಯನ್ನು ಮಾರುವುದು, ಹೊರಗೆ ಸಾಗಿಸುವುದು ಈಜಿಪ್ಟಿನಲ್ಲಿ 1983ರ ಕಾನೂನಿನಿಂದ ನಿಂತಿದೆ, ಆದ್ದರಿಂದ ಅಂಗಡಿಯಲ್ಲಿ ಸಿಗಬೇಕಾದದ್ದೂ ಅದೇ.

ನಮಸ್ಕಾರ.